ಅಮೆರಿಕದ ಬಗ್ಗೆ ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಕ್ಕೊಮ್ಮೆ, ಹೆಚ್ಚಾಗಿ ಡಿಸೆಂಬರಿನಲ್ಲಿ, ಉಡುಪಿ ಬದಿಯ ಕಟಪಾಡಿ ಹತ್ತಿರದ ನಮ್ಮ ಮನೆಗೆ ಬರುತ್ತೇನೆ. ಇರುವುದು ಮೂರು ವಾರ. ಮದುವೆ, ಗೃಹಪ್ರವೇಶ, ಭೂತಕೋಲ, ಯಕ್ಷಗಾನದ ಆಟ, ಎಲ್ಲಿ ಹೋದರೂ ಪ್ರಶ್ನೆಗಳು ಅವೇ. ಉಳಿದ ತಿಂಗಳುಗಳಲ್ಲಿ ಅವು ವಾಟ್ಸ್ಯಾಪ್‌ನಲ್ಲಿ ವಾಯ್ಸ್ ಮೆಸೇಜಾಗಿ ಬರುತ್ತವೆ, ಹಿಂದೆ ಕೋಳಿ ಕೂಗುವುದೂ ಕೇಳುತ್ತದೆ. ಇಷ್ಟು ವರ್ಷ ಒಬ್ಬೊಬ್ಬರಿಗೇ ಹೇಳಿ ಹೇಳಿ ಬಾಯಿ ಸೋತಿತು, ಈ ಸಲ ಬರೆದಿಡುವ ಅಂತ ಕೂತೆ. ಕೇಳಿದವರ ಮಾತನ್ನು ತಿದ್ದಲಿಲ್ಲ. ವೀಸಾ ಕಾನೂನು ಬದಲಾಗುತ್ತಲೇ ಇರುತ್ತದೆ. ಹಣ ಕಟ್ಟುವ ಮೊದಲು ವಕೀಲರನ್ನು ಕೇಳಿ, ನನ್ನನ್ನಲ್ಲ.

ಊಟದ ಪಂಕ್ತಿಯಲ್ಲಿ ಕೇಳುವವು

ನೀವು ಅಲ್ಲಿ ಎಂತ ಕೆಲಸ ಮಾಡುದು? ಕಂಪ್ಯೂಟರಾ?

ಹೌದು, ಕಂಪ್ಯೂಟರೇ. ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಖಾತೆಯಲ್ಲಿ ಹಣ ಉಂಟಾ, ಕಾರ್ಡ್ ಕದ್ದದ್ದಲ್ಲವಾ ಅಂತ ನೋಡಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗಬಹುದು ಅಥವಾ ಆಗುವುದಿಲ್ಲ ಅಂತ ಹೇಳುವ ಪ್ರೋಗ್ರಾಮು ಒಂದಿರುತ್ತದೆ. ಅಂಥದ್ದನ್ನು ಬರೆಯುವ, ಬರೆದದ್ದು ಕೆಟ್ಟರೆ ರಾತ್ರಿ ಎರಡಕ್ಕೆ ಎದ್ದು ಸರಿ ಮಾಡುವ ಗುಂಪಿನಲ್ಲಿ ನಾನೂ ಒಬ್ಬ.

ಮೊದಲ ಕೆಲಸ ಇದಲ್ಲ. 1998ರಲ್ಲಿ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡದ್ದು ತಾರೀಖು ರಿಪೇರಿಗೆ. ಹಳೆಯ ಪ್ರೋಗ್ರಾಮುಗಳಲ್ಲಿ ಜಾಗ ಉಳಿಸಲಿಕ್ಕೆ ವರ್ಷವನ್ನು ಎರಡೇ ಅಂಕೆಯಲ್ಲಿ ಬರೆಯುತ್ತಿದ್ದರು. 1998 ಅಂದರೆ 98. ಇಸವಿ 2000 ಬಂದು ಅದು 00 ಆದಾಗ ಯಂತ್ರ 1900 ಅಂತ ತಿಳಿದುಕೊಂಡರೆ ಬಡ್ಡಿ, ಪಿಂಚಣಿ, ವಿಮೆ ಎಲ್ಲ ಬುಡಮೇಲು. ವೈಟುಕೆ ಅಂತ ಅದರ ಹೆಸರು. ಕೋಬಾಲ್ ಎಂಬ ಹಳೆ ಭಾಷೆ ಗೊತ್ತಿದ್ದವರು ಅಲ್ಲಿ ಸಾಲುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಆರು ತಿಂಗಳ ಕೋಬಾಲ್. ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ ಸಾಲು ಸಾಲು ಓದಿ, ಎರಡಂಕೆ ಇದ್ದಲ್ಲಿ ನಾಲ್ಕಂಕೆ ಮಾಡುವುದು. ಅದಕ್ಕೆ ವಿಮಾನದ ಟಿಕೇಟು, ವೀಸಾ ಎಲ್ಲ ಕೊಟ್ಟರು.

ಸಂಬಳ ಎಷ್ಟುಂಟು? ನಿಜ ಹೇಳಿ, ಯಾರಿಗೂ ಹೇಳುದಿಲ್ಲ.

ಹೇಳುತ್ತೀರಿ, ಗೊತ್ತುಂಟು. ಹಾಗಾಗಿ ಅಂಕಿ ಬೇಡ, ಲೆಕ್ಕದ ದಾರಿ ಹೇಳುತ್ತೇನೆ. ಡಾಲರನ್ನು ರೂಪಾಯಿಗೆ ಗುಣಿಸಬೇಡಿ. 1998ರಲ್ಲಿ 40 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರು ಈಗ ಅದರ ದುಪ್ಪಟ್ಟು ದಾಟಿದೆ, ನನ್ನ ಬುದ್ಧಿ ದುಪ್ಪಟ್ಟಾಗಲಿಲ್ಲ. ಬಾಡಿಗೆ, ಮಗುವಿನ ಡೇಕೇರ್, ಆಸ್ಪತ್ರೆ ವಿಮೆ ಎಲ್ಲದಕ್ಕೂ ಡಾಲರೇ ಹೋಗುತ್ತದೆ. ವಿಮೆ ಇದ್ದರೂ ಪ್ರತಿ ವರ್ಷ ಮೊದಲ ಒಂದಷ್ಟು ಬಿಲ್ಲು ನಾವೇ ಕೊಡಬೇಕು.

ಆದರೂ ಉಳಿಯುತ್ತದೆ. ಏನೂ ಉಳಿಯುವುದಿಲ್ಲ ಅಂತ ಅಳುವ ಎನ್ನಾರೈಗಳನ್ನು ನಂಬಬೇಡಿ. ಉಳಿಯದಿದ್ದರೆ ಮಂಗಳೂರಿನ ಬಿಜೈಯಲ್ಲಿ ಎರಡು ಫ್ಲ್ಯಾಟ್ ಎಲ್ಲಿಂದ ಬಂತು?

ಸತ್ಯ ನಾಡೆಲ್ಲಾ ನಮ್ಮ ಮಣಿಪಾಲದಲ್ಲಿ ಓದಿದ್ದಂತೆ. ನೀವು ಯಾಕೆ ಹಾಗೆ ಆಗ್ಲಿಲ್ಲ?

ಅವರು ಮಣಿಪಾಲದ ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಓದಿ 1988ರಲ್ಲಿ ಹೊರಬಿದ್ದವರು. 2014ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟಿನ ಸಿಇಒ ಆದರು. ಅಂದಿನಿಂದ ನನಗೆ ಈ ಪ್ರಶ್ನೆ ತಪ್ಪಿದ್ದಿಲ್ಲ. ಒಂದೇ ಸರ್ವಿಸ್ ಬಸ್ಸು ಹತ್ತಿದವರೆಲ್ಲ ಒಂದೇ ಸ್ಟಾಪಿನಲ್ಲಿ ಇಳಿಯುತ್ತಾರಾ? ನಾನಂತೂ ಆ ಬಸ್ಸು ಹತ್ತಿದವನೂ ಅಲ್ಲ, ಓದಿದ್ದು ಬೇರೆ ಕಾಲೇಜಿನಲ್ಲಿ.

ಅವರ ಕಥೆಯಲ್ಲಿ ನನಗೆ ಹಿಡಿಸಿದ್ದು ಸಿಇಒ ಆದದ್ದಲ್ಲ. 1990ರ ದಶಕದಲ್ಲಿ ಅವರ ಕೈಯಲ್ಲಿ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಇರುವ ಪರವಾನಿಗೆ, ಇತ್ತು. ಆದರೆ ಗ್ರೀನ್ ಕಾರ್ಡಿನವರು ಮದುವೆಯಾದರೆ ಹೆಂಡತಿಯನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಕಾಯಬೇಕಿತ್ತು, ಕಂಪನಿ ಹಾಕಿಸುವ ತಾತ್ಕಾಲಿಕ ಕೆಲಸದ ವೀಸಾ ಎಚ್-1ಬಿಯವರಿಗೆ ಆ ತಾಪತ್ರಯ ಇಲ್ಲ. ಅವರು ಗ್ರೀನ್ ಕಾರ್ಡನ್ನು ಹಿಂದೆ ಕೊಟ್ಟು ಎಚ್-1ಬಿಗೆ ಇಳಿದರು. ಇವತ್ತು ಈ ಮಾತನ್ನು ನಮ್ಮ ಹುಡುಗರಿಗೆ ಹೇಳಿದರೆ ಚಿನ್ನ ಕೊಟ್ಟು ತವಡು ತಕೊಂಡ ಹಾಗೆ ನೋಡುತ್ತಾರೆ.

ಇನ್ನು ನನ್ನದು. ಬುದ್ಧಿ ಸ್ವಲ್ಪ, ದುಡಿಮೆ ಸಾಕಷ್ಟು, ಉಳಿದದ್ದು ತಾರೀಖು. ನಾನು ಎರಡು ವರ್ಷ ತಡವಾಗಿ ಹುಟ್ಟಿದ್ದರೆ ವೈಟುಕೆ ಮುಗಿದಿರುತ್ತಿತ್ತು, ನನ್ನ ಆರು ತಿಂಗಳ ಕೋಬಾಲನ್ನು ಯಾರೂ ಮೂಸುತ್ತಿರಲಿಲ್ಲ.

ಮಕ್ಕಳನ್ನು ಕಳಿಸುವವರು ಕೇಳುವವು

ಮಗನಿಗೆ ಬಿಇ ಆಯ್ತು. ಸಾಲ ಮಾಡಿ ಎಂಎಸ್‌ಗೆ ಕಳಿಸುದಾ, ಬೇಡವಾ?

ಮೊದಲು ದಾರಿ ಹೇಗುಂಟು ಅಂತ ನೋಡಿ. ಎಂಎಸ್ ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲಿಕ್ಕೆ ಬಿಡುತ್ತಾರೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು. ಆ ಮೂರು ವರ್ಷದೊಳಗೆ ಎಚ್-1ಬಿ ಆಗಬೇಕು. ಅದು ವರ್ಷಕ್ಕೆ 65,000, ಅಮೆರಿಕದಲ್ಲೇ ಎಂಎಸ್ ಮಾಡಿದವರಿಗೆ ಬೇರೆ 20,000. ಕೇಳುವವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಹಾಗಾಗಿ ಆಯ್ಕೆಯಲ್ಲಿ ಹೆಸರು ಬೀಳಬೇಕು. 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬಂತು: ಅಮೆರಿಕದ ಹೊರಗಿರುವವರಿಗೆ ಹೊಸದಾಗಿ ಎಚ್-1ಬಿ ಹಾಕುವ ಕಂಪನಿ 1,00,000 ಡಾಲರ್ ಕಟ್ಟಬೇಕು ಅಂತ. ನನ್ನನ್ನು ಕರೆಸಿದ ಹಾಗೆ ಊರಿನಿಂದ ನೇರ ಕರೆಸುವ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಹಾಗೆಯೇ.

ಈಗ ಸಾಲದ ಮಾತು. ಈಚೆಗೆ ನನ್ನ ಹತ್ತಿರ ಬಂದವರೆಲ್ಲ ನಲ್ವತ್ತು ಲಕ್ಷದ ಮೇಲಿನ ಲೆಕ್ಕ ಹಿಡಿದುಕೊಂಡೇ ಬಂದದ್ದು, ಅಡವು ಇಡುವುದು ಇದ್ದ ಒಂದೇ ಮನೆ. ನಾನು ಅವರಿಗೆ ಕೇಳುವುದು ಇಷ್ಟೇ. ಎಚ್-1ಬಿ ಆಗದೆ ಹುಡುಗ ಮೂರು ವರ್ಷಕ್ಕೆ ವಾಪಸ್ ಬಂದ ಅಂತ ಇಟ್ಟುಕೊಳ್ಳಿ. ಆ ಮೂರು ವರ್ಷದ ಸಂಬಳದಲ್ಲಿ ಸಾಲ ತೀರುತ್ತದಾ? ತೀರುತ್ತದೆ ಅಂತಾದರೆ ಕಳಿಸಿ, ಉಳಿದದ್ದು ಲಾಭ. ತೀರುವುದಿಲ್ಲ ಅಂತಾದರೆ ನೀವು ಮಾಡುವುದು ಮಗನ ಓದಿಸುವ ಕೆಲಸವಲ್ಲ, ಕೋಳಿ ಅಂಕದಲ್ಲಿ ಮನೆಯನ್ನು ಪಣಕ್ಕೆ ಇಡುವ ಕೆಲಸ. ಕಾಲೇಜಿನ ಹೆಸರಿಗಿಂತ ಅದು ಯಾವ ಊರಿನಲ್ಲುಂಟು, ಅಲ್ಲಿ ಓದಿದವರನ್ನು ಯಾರು ಕೆಲಸಕ್ಕೆ ತಕೊಂಡಿದ್ದಾರೆ ಅಂತ ವಿಚಾರಿಸಿ. ಏಜೆಂಟರನ್ನಲ್ಲ, ಹೋದ ವರ್ಷ ಪಾಸಾದ ಹುಡುಗರನ್ನು. ಏಜೆಂಟರಿಗೆ ಕಮಿಷನ್ ಬರುವುದು ಮಗ ಸೇರಿದ ದಿನ, ಕೆಲಸ ಸಿಕ್ಕಿದ ದಿನ ಅಲ್ಲ.

ನಮ್ಮ ಅಳಿಯ ಹೋಗಿ ಹನ್ನೆರಡು ವರ್ಷ ಆಯ್ತು. ಗ್ರೀನ್ ಕಾರ್ಡ್ ಯಾಕೆ ಇನ್ನೂ ಆಗ್ಲಿಲ್ಲ? ಅವನದ್ದೇ ಎಂತಾದ್ರೂ ತಪ್ಪುಂಟಾ?

ಅವನ ತಪ್ಪು ಒಂದೇ, ಭಾರತದಲ್ಲಿ ಹುಟ್ಟಿದ್ದು.

ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. 1990ರ ಕಾನೂನು ಅದು. ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲೇ ಬರುತ್ತಾರೆ. ಯಾವ ಒಂದು ದೇಶಕ್ಕೂ ನೂರರಲ್ಲಿ ಏಳು ಪಾಲು ದಾಟಬಾರದು ಅಂತ ಮಿತಿ. ಭಾರತಕ್ಕೂ ಏಳು, ಐಸ್‌ಲ್ಯಾಂಡಿಗೂ ಏಳು. ಅರ್ಜಿಯ ಮೊದಲ ಕಾಗದ ಹಾಕಿದ ದಿನಕ್ಕೆ ಪ್ರಯಾರಿಟಿ ಡೇಟ್ ಅನ್ನುತ್ತಾರೆ. ತಿಂಗಳು ತಿಂಗಳು ವೀಸಾ ಬುಲೆಟಿನ್ ಅಂತ ಒಂದು ಹಾಳೆ ಬರುತ್ತದೆ, ಯಾವ ತಾರೀಖಿನವರೆಗಿನವರನ್ನು ಕರೆಯುತ್ತೇವೆ ಅಂತ. ಅಲ್ಲಿನ ನಮ್ಮವರಿಗೆ ಅದೇ ಪಂಚಾಂಗ. ಮದುವೆ, ಮನೆ, ಕೆಲಸ ಬದಲಿಸುವುದು, ಊರಿಗೆ ಹೋಗುವುದು ಎಲ್ಲ ಅದನ್ನು ನೋಡಿಯೇ. 2025ರಲ್ಲಿ ಭಾರತದ ಇಬಿ-2, ಅಂದರೆ ಹೆಚ್ಚು ಓದಿದವರ ವರ್ಗದ ಸಾಲು 2013ರ ಆಸುಪಾಸಿನಲ್ಲೇ ತೆವಳುತ್ತಿತ್ತು. ಸಾಲು ಹಿಂದಕ್ಕೂ ಹೋಗುತ್ತದೆ, ಗ್ರಹ ವಕ್ರಿಯಾದ ಹಾಗೆ.

ನನ್ನದನ್ನು ನೋಡಿ. 2002ರಲ್ಲಿ ಅರ್ಜಿ, 2004ರಲ್ಲಿ ಕಾರ್ಡ್. ಆಗ ಭಾರತದವರಿಗೆ ಸಾಲೇ ಇರಲಿಲ್ಲ. ನನ್ನ ಅಕ್ಕನ ಮಗ ನನಗಿಂತ ಚುರುಕು, ಅಮೆರಿಕದಲ್ಲೇ ಎಂಎಸ್ ಮಾಡಿದವ. 2016ರಲ್ಲಿ ಅರ್ಜಿ ಹಾಕಿ ಇನ್ನೂ ಕಾಯುತ್ತಿದ್ದಾನೆ. ಎಚ್-1ಬಿ ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯಬೇಕು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಮುಂದುವರಿಸಿ ಕೊಡುತ್ತಾರೆ, ಆದ್ದರಿಂದ ಹೊರಗೆ ಹಾಕುವುದಿಲ್ಲ, ಒಳಗೂ ಕರೆಯುವುದಿಲ್ಲ. ಅವನ ಮಗಳು ಇಲ್ಲಿ ಹುಟ್ಟಿ ಕೈಗೂಸಾಗಿ ಅಲ್ಲಿಗೆ ಹೋದವಳು. ಇಪ್ಪತ್ತೊಂದು ತುಂಬುವುದರೊಳಗೆ ಕಾರ್ಡ್ ಬರದಿದ್ದರೆ ಅವಳು ಅಪ್ಪನ ಅರ್ಜಿಯಿಂದ ಬಿದ್ದುಹೋಗುತ್ತಾಳೆ. ಆಮೇಲೆ ಬೇರೆಯೇ ವೀಸಾ ಹುಡುಕಬೇಕು.

ನಮ್ಮ ಕರಾವಳಿಯವರಿಗೆ ಮಾತ್ರ ಇಲ್ಲೊಂದು ಕಿಂಡಿ ಉಂಟು. ಲೆಕ್ಕ ಪಾಸ್‌ಪೋರ್ಟಿನದ್ದಲ್ಲ, ಹುಟ್ಟಿದ ಜಾಗದ್ದು. ಅಪ್ಪ ಗಲ್ಫ್‌ನಲ್ಲಿದ್ದಾಗ ಕುವೈತಿನಲ್ಲೋ ಬಹ್ರೇನಿನಲ್ಲೋ ಹುಟ್ಟಿದ ಮಕ್ಕಳು ಆ ದೇಶದ ಸಾಲಿಗೆ ಸೇರುತ್ತಾರೆ, ಅಲ್ಲಿ ಇಂಥ ಕಾಯುವಿಕೆ ಇಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಹಾಗೆ ಹುಟ್ಟಿದ್ದರೂ ಇಬ್ಬರೂ ಆ ಸಾಲಿನಲ್ಲಿ ಹೋಗಬಹುದು. ಹಾಗಾಗಿ ಗಂಡು ಹೆಣ್ಣು ನೋಡುವಾಗ ಜಾತಕದ ಜೊತೆ ಜನನ ಪ್ರಮಾಣಪತ್ರ ಕೇಳುವವರನ್ನೂ ನಾನು ನೋಡಿದ್ದೇನೆ. ತಮಾಷೆಯಲ್ಲ.

ನಮ್ಮ ಹುಡುಗ ಕನ್ನಡ ಮೀಡಿಯಂ. ಇಂಗ್ಲಿಷಿಗೆ ಕಷ್ಟ ಆಗ್ತದಾ?

ನಾನೂ ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಆರು ತಿಂಗಳಲ್ಲಿ ಸರಿಯಾಗುತ್ತದೆ. ಸರಿಯಾಗದ್ದು ಬೇರೆ: ಆಗುವುದಿಲ್ಲ ಅಂತ ಹೇಳಲಿಕ್ಕೆ ನಮಗೆ ಬಾಯಿ ಬರುವುದಿಲ್ಲ. ಶುಕ್ರವಾರಕ್ಕೆ ಮುಗಿಯುತ್ತದಾ ಅಂತ ಮ್ಯಾನೇಜರು ಕೇಳಿದರೆ ನೋಡುವ ಅನ್ನುತ್ತೇವೆ. ನಮ್ಮಲ್ಲಿ ನೋಡುವ ಅಂದರೆ ಬಹುಶಃ ಇಲ್ಲ. ಅವರು ಅದನ್ನು ಹೌದು ಅಂತ ಬರೆದುಕೊಳ್ಳುತ್ತಾರೆ. ಮೀಟಿಂಗಿನಲ್ಲಿ ದೊಡ್ಡವರು ಮಾತಾಡುವಾಗ ಸುಮ್ಮನೆ ಕೂತರೆ ಇಲ್ಲಿ ಸಂಸ್ಕಾರ, ಅಲ್ಲಿ ಇವನಿಗೆ ಹೇಳಲಿಕ್ಕೆ ಏನೂ ಇಲ್ಲ ಅಂತ ಅರ್ಥ. ಈ ಒಂದು ವಿಷಯಕ್ಕೆ ನನಗೆ ಎರಡು ಪ್ರಮೋಷನ್ ತಪ್ಪಿದೆ.

ಕನ್ನಡದಿಂದ ತಂತ್ರಜ್ಞಾನಕ್ಕೆ ಅಡ್ಡಿ ಅನ್ನುವವರಿಗೆ ಒಂದು ಮಾತು. ಕನ್ನಡ ಟೈಪ್ ಮಾಡುವ ಕೀಲಿಮಣೆ ವಿನ್ಯಾಸವನ್ನು ಯೋಚಿಸಿ ಕೊಟ್ಟವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್. ಇದನ್ನು ನಾನು ಬರೆಯುತ್ತಿರುವುದೂ ಅದರಲ್ಲೇ.

ಕೆಲಸದ ಒಳಗಿನವು

ಕೆಲಸದಿಂದ ತೆಗೆದ್ರೆ ಎಂತ ಮಾಡುದು?

ನನ್ನನ್ನೂ 2001ರಲ್ಲಿ ತೆಗೆದರು. ಅದರ ಹಿಂದಿನ ವರ್ಷ ಮಾರ್ಚಿನಲ್ಲಿ ಟೆಕ್ನಾಲಜಿ ಶೇರುಗಳು ಮೇಲಿಂದ ಬಿದ್ದಿದ್ದವು, ಅದರ ಮಣ್ಣು ನಮ್ಮ ತಲೆಗೆ ಬರಲು ಒಂದು ವರ್ಷ ಹಿಡಿಯಿತು. ಆ ಕಂಪನಿಯ ಹೆಸರು ಬೇಡ. ಬೆಳಿಗ್ಗೆ ಹತ್ತಕ್ಕೆ ಕರೆದರು, ಹತ್ತೂ ಇಪ್ಪತ್ತಕ್ಕೆ ರಟ್ಟಿನ ಪೆಟ್ಟಿಗೆ ಹಿಡಿದು ಪಾರ್ಕಿಂಗಿನಲ್ಲಿದ್ದೆ. ಎಚ್-1ಬಿಯವನಿಗೆ ಕೆಲಸ ಹೋದದ್ದು ಅಂದರೆ ದೇಶದಲ್ಲಿರುವ ಹಕ್ಕೇ ಹೋದ ಹಾಗೆ. ಈಗ 60 ದಿನದ ಅವಕಾಶ ಉಂಟು, 2017ರಿಂದ. ಆಗ ಅದೂ ಇರಲಿಲ್ಲ.

ನನ್ನನ್ನು ಉಳಿಸಿದ್ದು ರೆಸ್ಯುಮೆಯಲ್ಲ. ಬಂದ ಹೊಸತರಲ್ಲಿ ಗೆಸ್ಟ್ ಹೌಸಿನಲ್ಲಿ ಎಂಟು ಜನ ಒಟ್ಟಿಗಿದ್ದೆವು, ಎರಡು ಬಾತ್‌ರೂಮು, ಒಂದು ಕುಕ್ಕರ್. ಅವರಲ್ಲೊಬ್ಬ ಕುಂದಾಪುರದವ. ಅವನ ಮ್ಯಾನೇಜರಿಗೆ ಆ ವಾರ ಒಬ್ಬ ಬೇಕಾಗಿತ್ತು. ಅವನು ಗೋಗರೆದು ನನ್ನ ಹೆಸರು ಹೇಳಿದ. ಹನ್ನೊಂದನೇ ದಿನ ಆಫರ್ ಬಂತು. ಈಗ ನನ್ನ ಕೆಳಗೆ ಜಾಗ ಖಾಲಿಯಾದಾಗ ನಾನು ಮೊದಲು ಓದುವುದು ಕೆಲಸ ಹೋದವರ ಅರ್ಜಿಯನ್ನು. ಇದು ನ್ಯಾಯವಾ ಅಂತ ಕೇಳಿದರೆ ಗೊತ್ತಿಲ್ಲ.

ಈ ಎಐ ಬಂದು ನಿಮ್ಮ ಕೆಲಸವನ್ನೇ ತಿನ್ನುದಿಲ್ವಾ?

ಸ್ವಲ್ಪ ತಿಂದಾಗಿದೆ. ಮೊದಲೆರಡು ವರ್ಷದ ಹುಡುಗರಿಗೆ ಕೊಡುತ್ತಿದ್ದ ಕೆಲಸ, ಅಂದರೆ ಪರೀಕ್ಷೆಯ ಕೋಡು ಬರೆಯುವುದು, ಹಳೆ ಪ್ರೋಗ್ರಾಮನ್ನು ಹೊಸ ಭಾಷೆಗೆ ತಿರುಗಿಸುವುದು, ನಾನು ಈಗ ಎಐಗೆ ಹೇಳುತ್ತೇನೆ. ನಾನು ಕಲ್ಲು ಹೆಕ್ಕಿ ಅಮೆರಿಕ ಸೇರಿದೆನಲ್ಲ, ಅದೇ ಕೆಲಸ. ಹಾಗಾಗಿ ನನಗಿರುವ ಹೆದರಿಕೆ ನನ್ನ ಕೆಲಸದ್ದಲ್ಲ. ಏಣಿಯ ಕೆಳಗಿನ ಮೆಟ್ಟಿಲು ಮುರಿದರೆ ನಿಮ್ಮ ಮಗ ಎಲ್ಲಿ ಕಾಲಿಡುವುದು?

ಮಂಗಳೂರಿನವರಿಗೆ ಇದು ಹೊಸತಾಗಬಾರದು. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಮುಳಿಹುಲ್ಲಿನ ಮಾಡಿಗೆ ಪೆಟ್ಟು ಬಿತ್ತು. ನದಿ ಬದಿಯ ಆವೆಮಣ್ಣು ಮಂಗಳೂರು ಹಂಚಾಗಿ ಕಡಲು ದಾಟಿತು, ಸಾವಿರಾರು ಕುಟುಂಬ ಅದರಲ್ಲಿ ಉಂಡವು. ಆಮೇಲೆ ಕಾಂಕ್ರೀಟು ಬಂತು, ತಗಡು ಬಂತು, ಒಂದೊಂದೇ ಚಿಮಣಿ ತಣ್ಣಗಾಯಿತು. ಹಂಚು ಮಾಡುವ ಕೈಗಳಲ್ಲಿ ಯಾವ ಕುಂದೂ ಇರಲಿಲ್ಲ.

ಟೆಕ್ನಾಲಜಿಯಲ್ಲಿ ಅವರು ನಮಗಿಂತ ಐವತ್ತು ವರ್ಷ ಮುಂದೆ, ಅಲ್ವಾ?

ಮೊನ್ನೆ ಮಲ್ಪೆಯಲ್ಲಿ ಮೀನು ಮಾರುವ ಅಕ್ಕನಿಗೆ ಕ್ಯೂಆರ್ ಕೋಡ್ ತೋರಿಸಿ ಹಣ ಕೊಟ್ಟೆ. ಯುಪಿಐ ಬಂದದ್ದು 2016ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆಯ ಕೊಳಾಯಿ ಸರಿಮಾಡಿದವನಿಗೆ ಈಗಲೂ ಚೆಕ್ಕು ಬರೆದು ಕೊಡುತ್ತೇನೆ. ಇದನ್ನು ಹೇಳಿದರೆ ಊರಿನವರು ನಂಬುವುದಿಲ್ಲ.

ಮುಂದೆ ಹಿಂದೆ ಅಂತ ಅಳೆಯುವುದೇ ತಪ್ಪು. ಪಕ್ಕದ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕಡಲಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಬಂದಾಗ ಎಂತಾಯಿತು ಅಂತ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಕೂತು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರು. ಮೊದಲು ಬೂತಾಯಿ ಮೀನು ಹಿಡಿದ ದೋಣಿ ತನ್ನ ದಕ್ಕೆಗೇ, ಅಂದರೆ ತಾನು ಹೊರಟ ದಡಕ್ಕೇ, ಬರುತ್ತಿತ್ತು. ಒಂದು ದಕ್ಕೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಕಡಲಿಗೆ ಚೆಲ್ಲುವಾಗ ಹತ್ತು ಮೈಲಿ ಆಚೆ ಮೀನಿಲ್ಲದೆ ಬೆಲೆ ಏರಿರುತ್ತಿತ್ತು. ಫೋನ್ ಬಂದ ಮೇಲೆ ಕಡಲಿನಿಂದಲೇ ಬೆಲೆ ಕೇಳಿ ದೋಣಿ ತಿರುಗಿಸಿದರು. ಮೀನು ಚೆಲ್ಲುವುದು ನಿಂತೇಹೋಯಿತು. ಮೀನುಗಾರರ ಲಾಭ ಶೇಕಡಾ 8 ಏರಿತು, ಕೊಳ್ಳುವವರಿಗೆ ಬೆಲೆ ಶೇಕಡಾ 4 ಇಳಿಯಿತು. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೂತಾಯಿ ಈಗ ಪಾಠ. ನಾನು ಇಪ್ಪತ್ತೇಳು ವರ್ಷ ಬರೆದ ಕೋಡಿನಲ್ಲಿ ಇಷ್ಟು ಚೊಕ್ಕ ಫಲ ಕೊಟ್ಟದ್ದು ಒಂದೂ ಇಲ್ಲ.

ಜಗಲಿಯಲ್ಲಿ, ಊಟ ಮುಗಿದ ಮೇಲೆ ಕೇಳುವವು

ಅಲ್ಲಿ ಜಾತಿ ಗೀತಿ ಎಲ್ಲ ಇಲ್ಲ, ಅಲ್ವಾ?

ಆ ಗೆಸ್ಟ್ ಹೌಸಿಗೆ ಹೋದ ಮೊದಲ ರಾತ್ರಿ ಕೇಳಿದ ಎರಡನೇ ಪ್ರಶ್ನೆ: ಸರ್‌ನೇಮ್ ಎಂತ? ನನ್ನ ಹೆಸರಿನ ಕೊನೆಗೆ ಇರುವುದು ಊರಿನ ಹೆಸರು, ಅದರಿಂದ ತಿಳಿಯಲಿಲ್ಲ. ಮೀನು ತಿನ್ನುತ್ತೀರಾ ಅಂತ ಮೂರನೆಯದು ಬಂತು. ಬಿಳಿಯರಿಗೆ ನಾವೆಲ್ಲ ಒಂದೇ. ನಮಗೆ ಮಾತ್ರ ನಾವು ಒಂದಲ್ಲ. ಇಲ್ಲಿ ಎಷ್ಟು ಸಂಘ ಉಂಟೋ ಹೆಚ್ಚುಕಡಿಮೆ ಅಷ್ಟೇ ಅಲ್ಲೂ ಉಂಟು, ಬೇರೆ ಬೇರೆ ಪಿಕ್‌ನಿಕ್ ಸಮೇತ.

ಸುಳ್ಳು ಅನ್ನುವವರಿಗೆ: ಜಾತಿಯ ಮೇಲೆ ಭೇದ ಮಾಡಬಾರದು ಅಂತ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಕಾನೂನು ಮಾಡಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಕ್ಯಾಲಿಫೋರ್ನಿಯಾದ ಶಾಸಕರು ಪಾಸು ಮಾಡಿದ ಅಂಥದ್ದೇ ಮಸೂದೆಗೆ ಗವರ್ನರು ಅದೇ ಅಕ್ಟೋಬರಿನಲ್ಲಿ ಸಹಿ ಹಾಕಲಿಲ್ಲ, ಈಗಿರುವ ಕಾನೂನೇ ಸಾಕು ಅಂದರು. ಸಾಕಾ ಅಂತ ಕೇಳಬೇಕಾದ್ದು ನನ್ನನ್ನಲ್ಲ. ಇಂಟರ್‌ವ್ಯೂ ಮಾಡುವವನು ಹೆಗಲ ಮೇಲೆ ಕೈಹಾಕಿ ಜನಿವಾರ ಉಂಟಾ ಅಂತ ತಡವಿ ನೋಡಿದ ಅನುಭವ ಆದವರನ್ನು.

ಅಮ್ಮನನ್ನು ಅಲ್ಲಿಗೇ ಕರ್ಕೊಂಡು ಹೋಗಬಾರದಾ? ಒಬ್ಬರೇ ಇರುದಲ್ಲ.

ಕಾನೂನು ಬಿಡುತ್ತದೆ. ಸಿಟಿಜನ್ ಆದವರು ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಬಹುದು, ಅದಕ್ಕೆ ಸಾಲೂ ಇಲ್ಲ, ಮಿತಿಯೂ ಇಲ್ಲ. ಅಡ್ಡ ಬರುವುದು ಆಸ್ಪತ್ರೆ. ಹಿರಿಯರ ಸರ್ಕಾರಿ ವಿಮೆ ಸಿಗಬೇಕಾದರೆ ಅಲ್ಲಿ ಐದು ವರ್ಷ ಇದ್ದಿರಬೇಕು. ಅದಕ್ಕಿಂತ ದೊಡ್ಡ ಅಡ್ಡಿ ಅಮ್ಮನೇ. ವಿಸಿಟರ್ ವೀಸಾದಲ್ಲಿ ಎರಡು ಸಲ ಬಂದಳು, ಆರು ತಿಂಗಳಿಗೆ ಅಂತ. ಎರಡು ಸಲವೂ ಎರಡೂವರೆ ತಿಂಗಳಿಗೆ ವಾಪಸ್. ರಸ್ತೆಯಲ್ಲಿ ಜನವೇ ಇಲ್ಲ, ಇದು ಎಂತ ಊರು ಅಂತ.

ಈಗ ಅಂಗಳಕ್ಕೆ ಕ್ಯಾಮರಾ ಹಾಕಿಸಿದ್ದೇನೆ. 1998ರಲ್ಲಿ ಅಮ್ಮ ಭಾನುವಾರ ಪಕ್ಕದ ಮನೆಗೆ ಹೋಗಿ ನನ್ನ ಫೋನಿಗೆ ಕಾಯುತ್ತಿದ್ದಳು, ನಾನು ಕಾಲಿಂಗ್ ಕಾರ್ಡ್ ಕೊಂಡು ನಿಮಿಷ ಎಣಿಸಿ ಮಾತಾಡುತ್ತಿದ್ದೆ. ಈಗ ಅವಳು ತುಳಸಿಗೆ ನೀರು ಹಾಕುವುದು ನನಗೆ ಕಾಣುತ್ತದೆ. ಎರಡು ವರ್ಷದ ಹಿಂದೆ ಜುಲೈಯಲ್ಲಿ, ಅಲ್ಲಿ ಸಂಜೆ ಆರೂವರೆ, ಇಲ್ಲಿ ಬೆಳಿಗ್ಗೆ ಏಳು, ಪಾಚಿ ಕಟ್ಟಿದ ಅಂಗಳದಲ್ಲಿ ಅವಳು ಜಾರಿ ಬಿದ್ದದ್ದೂ ಕಂಡಿತು. ಪಕ್ಕದ ಮನೆಯ ಅಣ್ಣನಿಗೆ ಫೋನ್ ಮಾಡಿದೆ. ಅವರು ನಾಲ್ಕು ನಿಮಿಷದಲ್ಲಿ ಬಂದರು, ಅದೂ ಕಾಣುತ್ತಿತ್ತು. ನಾನು ಬಂದು ಮುಟ್ಟಿದ್ದು 31 ಗಂಟೆಯ ಮೇಲೆ.

ಅಲ್ಲಿನ ಸಿಟಿಜನ್ ಆದ್ರೆ ಇಲ್ಲಿನ ತೋಟ ಹೋಗ್ತದಾ?

ಹೋಗುವುದಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಇಲ್ಲಿನ ಪಾಸ್‌ಪೋರ್ಟ್ ಬಿಡಬೇಕು. ಬದಲಿಗೆ ಒಸಿಐ ಕಾರ್ಡ್ ಕೊಡುತ್ತಾರೆ; ಬರಬಹುದು, ಇರಬಹುದು, ಓಟು ಹಾಕುವ ಹಾಗಿಲ್ಲ. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಹೊಸದಾಗಿ ಕೊಳ್ಳುವ ಹಾಗಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. 2020ರ ತಿದ್ದುಪಡಿಯಾದ ಮೇಲೆ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದಲ್ಲ ಅಂತ ಬ್ರೋಕರುಗಳು ಹೇಳುತ್ತಾರೆ. ಅದು ರಾಜ್ಯದ ಕಾನೂನು. ವಿದೇಶಿ ವಿನಿಮಯದ ಕಾನೂನು ಬೇರೆ, ಅದು ಇನ್ನೂ ಬಿಡುವುದಿಲ್ಲ, ಭಾರತದ ಪಾಸ್‌ಪೋರ್ಟ್ ಇರುವ ಎನ್ನಾರೈಗೂ.

ನಮ್ಮದು ಡಿಕ್ಲರೇಶನ್ ಜಾಗ. ಅಜ್ಜ ಗೇಣಿಗೆ ಮಾಡುತ್ತಿದ್ದದ್ದು. ಭೂ ಸುಧಾರಣೆ ಕಾನೂನಿನಲ್ಲಿ, 1974ರ ಮಾರ್ಚ್ 1ಕ್ಕೆ ಯಾರು ಉಳುತ್ತಿದ್ದರೋ ಅವರು ಅರ್ಜಿ ಕೊಟ್ಟು ಒಡೆಯರಾದರು. ಅಜ್ಜನ ತಮ್ಮ ಅದರ ಹಿಂದಿನ ವರ್ಷ ಗೇಣಿ ಬಿಟ್ಟು ಘಟ್ಟದ ಮೇಲೆ ಹೋಗಿದ್ದರು. ಅವರ ಮಕ್ಕಳಿಗೆ ಇಲ್ಲಿ ಒಂದು ಸೆಂಟ್ಸ್ ಇಲ್ಲ. ಪ್ರಯಾರಿಟಿ ಡೇಟ್ ನಮ್ಮ ಮನೆಗೆ ಹೊಸತಲ್ಲ.

ವಾಪಸ್ ಬರುದು ಯಾವಾಗ?

ಅಪ್ಪ 1963ರಲ್ಲಿ ಮುಂಬಯಿಯ ಮಾಟುಂಗದ ಹೋಟೆಲಿಗೆ ಹೋದವರು. ಕ್ಲೀನರಾಗಿ ಸೇರಿ ಹಣ ತಕೊಳ್ಳುವ ಗಲ್ಲೆಯಲ್ಲಿ ಕೂರುವವರೆಗೆ ಬಂದರು. ಮಳೆಗಾಲ ಮುಗಿಯಲಿ ಬರ್ತೇನೆ ಅಂತ ಪ್ರತಿ ಕಾಗದದಲ್ಲೂ. ಬಂದದ್ದು 1994ರಲ್ಲಿ, ಸಕ್ಕರೆ ಕಾಯಿಲೆಯೊಂದಿಗೆ. ಆಗ ಕೊಂಕಣ ರೈಲು ಪೂರ್ತಿ ಆಗಿರಲಿಲ್ಲ. ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಬಂದಿಳಿದು ಕಾಲು ಊದಿಕೊಂಡಿತ್ತು. ನಾನು ಹೇಳುವುದು ಸಣ್ಣವಳ ಕಾಲೇಜು ಮುಗಿಯಲಿ ಅಂತ. ಅದಕ್ಕೆ ಮೊದಲು ಹೇಳುತ್ತಿದ್ದದ್ದು ದೊಡ್ಡವನ ಕಾಲೇಜು. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ.

ಅಮ್ಮ ಈ ಪ್ರಶ್ನೆ ಕೇಳಿದವಳೇ ಅಲ್ಲ. ನಾನು ಬಂದ ಮರುದಿನ, ಬ್ಯಾಗು ಬಿಚ್ಚುವ ಮೊದಲೇ, ಅಡುಗೆಮನೆಯ ಕ್ಯಾಲೆಂಡರಿನ ಹತ್ತಿರ ಪೆನ್ನು ಹಿಡಿದು ನಿಂತು ಕೇಳುತ್ತಾಳೆ: ಹೋಗುವ ಟಿಕೇಟು ಯಾವ ತಾರೀಖಿಗೆ?